ಎರಡನೇ ಭಾಗ ಪುನರಾವರ್ತನೆಯಲ್ಲ

ಕೊರಿಯನ್ ಸಿನಿಮಾ ‘ದಿ ಹ್ಯಾಂಡ್‌ಮೇಡನ್’ (2016) ಎರಡನೇ ಭಾಗದಲ್ಲಿ ಕಂಡದ್ದನ್ನೇ ಮತ್ತೆ ತೋರಿಸಿ ಎಳೆಯುತ್ತದೆ ಎಂಬ ನಿಮ್ಮ ಮಾತು ಒಪ್ಪಲಾಗದು. ಮೊದಲ ಭಾಗ ಸೇವಕಿ ಸೂಕ್‌ಹೀಯ ಕಣ್ಣಿನದು, ಎರಡನೆಯದು ಅವಳ ಒಡತಿ ಹಿಡೆಕೊಳದು. ಮೊದಲು ಅರ್ಧಕ್ಕೇ ಕತ್ತರಿಸಿದ ಪ್ರಣಯದೃಶ್ಯ ಇಲ್ಲಿ ಮುಂದುವರಿಯುತ್ತದೆ. (ಸಿನಿಮಾ ನೋಡದವರು ಇಲ್ಲೇ ನಿಲ್ಲಿಸಿ!) ಮರಕ್ಕೆ ನೇಣು ಹಾಕಿಕೊಂಡ ಹಿಡೆಕೊಳನ್ನು ಸೂಕ್‌ಹೀ ಕೆಳಗಿನಿಂದ ಎತ್ತಿ ಹಿಡಿದು, ಅವಳ ಆಸ್ತಿ ದೋಚಿ ಅವಳನ್ನು ಹುಚ್ಚಾಸ್ಪತ್ರೆಗೆ ತಳ್ಳುವ ಸಂಚನ್ನು ಬಾಯಿಬಿಡುವುದೂ ಇಲ್ಲೇ. ಅದಿಲ್ಲದಿದ್ದರೆ ಮೊದಲ ಭಾಗದ ಕೊನೆಯಲ್ಲಿ ಹಿಡೆಕೊ ಬದಲು ಸೂಕ್‌ಹೀಯೇ ಹುಚ್ಚಾಸ್ಪತ್ರೆ ಸೇರುವ ತಿರುವು ಬರೀ ಪ್ರೇಕ್ಷಕರಿಗೆ ಹಾಕಿದ ಟೋಪಿಯಾಗುತ್ತಿತ್ತು.

ಎಳೆತ ಅನ್ನಿಸಿದ್ದಕ್ಕೆ ನೀವು ನೋಡಿದ ಪ್ರತಿಯೂ ಕಾರಣವಿರಬಹುದು. ಚಿತ್ರಮಂದಿರದ್ದು 145 ನಿಮಿಷ, ವಿಸ್ತೃತ ಆವೃತ್ತಿ 168. ಜಪಾನಿ ಮಾತಿಗೆ ಹಳದಿ, ಕೊರಿಯನ್‌ಗೆ ಬಿಳಿ ಸಬ್‌ಟೈಟಲ್ ಇರುವ ಪ್ರತಿಯನ್ನೇ ಹುಡುಕಿ. ಎಲ್ಲವೂ ಒಂದೇ ಬಣ್ಣದಲ್ಲಿದ್ದರೆ ಜಪಾನ್ ಆಳ್ವಿಕೆಯಲ್ಲಿದ್ದ 1930ರ ದಶಕದ ಕೊರಿಯಾದ ಆ ಮನೆಯಲ್ಲಿ ಯಾರು ಯಾವಾಗ ಆಳುವವರ ಭಾಷೆಗೆ ಜಾರುತ್ತಾರೆ ಎಂಬುದೇ ತಪ್ಪಿಹೋಗುತ್ತದೆ.