ನೆಲಬಾಂಬ್ ಹುಡುಕುವ ಕೆಲಸವನ್ನು ನ್ಯಾನೊ ಮೂಗಿಗೆ ಒಪ್ಪಿಸಬಹುದೇ?

ಪರ

ರೇಷ್ಮೆ ಬಿತ್ತನೆ ಕೋಠಿಗಳಲ್ಲಿ ದುಡಿದವರು ಇದನ್ನು ಕಂಡಿರುತ್ತಾರೆ: ಗೂಡಿನಿಂದ ಹೊರಬಂದ ಗಂಡು ಚಿಟ್ಟೆ ಹಾರಲಾರದು, ಆದರೂ ರೆಕ್ಕೆ ಬಡಿಯುತ್ತ ಹೆಣ್ಣಿರುವ ಕಡೆಗೇ ನಡೆಯುತ್ತದೆ. ದಾರಿ ತೋರುವುದು ಬಾಚಣಿಗೆಯಂಥ ಕುಡಿಮೀಸೆ. ಹೆಣ್ಣು ಸೂಸುವ ಬಾಂಬಿಕಾಲ್‌ನ ಒಂದೇ ಒಂದು ಅಣು ತಗುಲಿದರೂ ಅದರ ನರಕೋಶ ಮಿಡಿಯಬಲ್ಲದು. ಆ ರಾಸಾಯನಿಕವನ್ನು ಗುರುತಿಸಲು ಜರ್ಮನಿಯ ಅಡಾಲ್ಫ್ ಬುಟೆನಾಂಟ್ ತಂಡ ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳನ್ನು ಬಳಸಬೇಕಾಯಿತು. ಉತ್ತರ ಸಿಕ್ಕಿದ್ದು 1959ರಲ್ಲಿ.

2012ರಲ್ಲಿ ಫ್ರಾನ್ಸಿನ ಸಂಶೋಧಕರು ಆ ಮೀಸೆಯ ರಚನೆಯನ್ನೇ ಅನುಸರಿಸಿದರು. ಸಿಲಿಕಾನ್‌ನ ಪುಟ್ಟ ಪಟ್ಟಿಯೊಂದರ ಮೇಲೆ ಟೈಟಾನಿಯಂ ಡೈಆಕ್ಸೈಡ್‌ನ ಕಣ್ಣಿಗೆ ಕಾಣದಷ್ಟು ಸಣ್ಣ ಸುಮಾರು 5 ಲಕ್ಷ ನ್ಯಾನೊ ಕೊಳವೆಗಳನ್ನು ರೋಮದಂತೆ ನಿಲ್ಲಿಸಿದರು. ನೆಲಬಾಂಬ್‌ಗಳಲ್ಲಿ ತುಂಬುವ ಟಿಎನ್‌ಟಿ ಎಂಬ ಸ್ಫೋಟಕದ ಅಣುಗಳು ಅಂಟಿಕೊಂಡಾಗ ಪಟ್ಟಿಯ ತೂಕ ಹೆಚ್ಚಿ, ಅದು ಕಂಪಿಸುವ ಲಯ ಬದಲಾಗುತ್ತದೆ. ಲಕ್ಷ ಕೋಟಿ ಅಣುಗಳಲ್ಲಿ ಒಂದಕ್ಕಿಂತಲೂ ಕಡಿಮೆ ಇದ್ದ ಟಿಎನ್‌ಟಿ ಕೂಡ ಅದಕ್ಕೆ ಸಿಕ್ಕಿಬಿದ್ದಿತು.

ಲೋಹಶೋಧಕ ತುಕ್ಕು ಹಿಡಿದ ಮೊಳೆಗೂ ಕೂಗುತ್ತದೆ. ಪ್ಲಾಸ್ಟಿಕ್ ಬಾಂಬ್‌ನ ಮುಂದೆ ಸುಮ್ಮನಿರಬಹುದು. ಬಾಂಬ್ ಮೂಸುವ ಪ್ರಾಣಿಗಳ ತರಬೇತಿಗೆ ತಿಂಗಳುಗಟ್ಟಲೆ ಬೇಕು. ನ್ಯಾನೊ ಮೂಗಿನ ಈ ಸಿಲಿಕಾನ್ ಚಿಪ್ಪನ್ನಾದರೆ ಸಾವಿರಗಟ್ಟಲೆ ತಯಾರಿಸಬಹುದು. ಸ್ವಂತ ಹೊಲಕ್ಕೆ ಕಾಲಿಡಲು ಹೆದರುವ ರೈತನಿಗೆ ಆ ವೇಗ ಸಿಗಲೇಬೇಕು.

ವಿರೋಧ

ಕಾಂಬೋಡಿಯಾದಲ್ಲಿ ದುಡಿದ ಮಗಾವಾ ಎಂಬ ಆಫ್ರಿಕಾದ ದೈತ್ಯ ಇಲಿ 2021ರಲ್ಲಿ ನಿವೃತ್ತವಾಗುವ ಹೊತ್ತಿಗೆ 71 ನೆಲಬಾಂಬ್‌ಗಳನ್ನು ಪತ್ತೆಹಚ್ಚಿತ್ತು. ಟೆನಿಸ್ ಅಂಗಳದಷ್ಟು ನೆಲವನ್ನು ಅರ್ಧ ಗಂಟೆಯಲ್ಲಿ ಮೂಸಿ ಮುಗಿಸುತ್ತಿತ್ತು. ಮೈ ಹಗುರವಾದ್ದರಿಂದ ಅದರ ತುಳಿತಕ್ಕೆ ಬಾಂಬ್ ಸಿಡಿಯುತ್ತಿರಲಿಲ್ಲ.

ಫ್ರಾನ್ಸಿನ ಸಾಧನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅದು ಅನುಸರಿಸಿದ್ದು ಮೀಸೆಯ ಆಕಾರವನ್ನು ಮಾತ್ರ. ಚಿಟ್ಟೆಯ ಮೀಸೆಯಲ್ಲಿ ವಾಸನೆಯ ಅಣುವನ್ನು ಹಿಡಿಯುವ ಗ್ರಾಹಕ ಪ್ರೋಟೀನ್ ಬಾಂಬಿಕಾಲ್‌ಗೆಂದೇ ರೂಪುಗೊಂಡದ್ದು. ಬರಿಯ ಕೊಳವೆಗೆ ನೀರಾವಿಯೂ ಅಂಟುತ್ತದೆ, ಡೀಸೆಲ್ ಹೊಗೆಯೂ ಅಂಟುತ್ತದೆ. ಮಳೆಗಾಲದ ಗದ್ದೆಯ ಗಾಳಿ ಪ್ರಯೋಗಾಲಯದ ಗಾಳಿಯಲ್ಲ. ನಿಜವಾದ ಗ್ರಾಹಕ ಪ್ರೋಟೀನ್‌ಗಳನ್ನೇ ಇಂಗಾಲದ ನ್ಯಾನೊ ಕೊಳವೆಗಳಿಗೆ ಜೋಡಿಸುವ ಪ್ರಯತ್ನಗಳು ಕೊರಿಯಾದಲ್ಲಿ ನಡೆದಿವೆ. ಅಲ್ಲಿ ಆಯ್ಕೆಯ ಶಕ್ತಿ ಸಿಗುತ್ತದೆ, ಬಾಳಿಕೆ ಸಿಗುವುದಿಲ್ಲ: ಜೀವಕೋಶದ ಪೊರೆಯಿಂದ ಬೇರ್ಪಟ್ಟ ಪ್ರೋಟೀನ್ ಬಿಸಿಲಿಗೆ, ಒಣಹವೆಗೆ ಕೆಡುತ್ತದೆ. ಇಲಿಯ ಮೂಗಾದರೋ ಲೋಳೆಯಿಂದ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ, ವಾಸನೆಯ ನರಕೋಶಗಳನ್ನು ಬದುಕಿನುದ್ದಕ್ಕೂ ಹೊಸದಾಗಿ ಬೆಳೆಸುತ್ತದೆ.

ಇನ್ನೊಂದು ಮಾತು. ಇಲಿ ವಾಸನೆ ಹಿಡಿದು ಸುಮ್ಮನಾಗುವುದಿಲ್ಲ. ತಿರುಗುತ್ತದೆ, ಮತ್ತೆ ಮೂಸುತ್ತದೆ, ಮೂಲ ಸಿಕ್ಕ ಜಾಗದಲ್ಲಿ ಮಣ್ಣು ಕೆರೆಯುತ್ತದೆ. ಚಿಪ್ಪು ಸೂಚನೆ ಕೊಡುತ್ತದೆ, ಜಾಗ ತೋರಿಸುವುದಿಲ್ಲ.

ನಿಷ್ಕ್ರಿಯಗೊಳಿಸಿದ ಬಾಂಬ್‌ಗಳನ್ನು ಹೂತ ಹೊಲದಲ್ಲಿ ಒಂದು ಇಡೀ ಮಳೆಗಾಲ ಇಲಿ ಮತ್ತು ಚಿಪ್ಪು ಎರಡನ್ನೂ ಓಡಾಡಿಸಿ, ಯಾವುದು ಎಷ್ಟು ಬಾಂಬ್‌ಗಳನ್ನು ಪತ್ತೆಹಚ್ಚದೆ ಬಿಟ್ಟಿತು ಎಂದು ಎಣಿಸಲಿ. ಅಲ್ಲಿಯವರೆಗೆ ಇಲಿಗಳನ್ನು ಕೆಲಸದಿಂದ ಬಿಡಿಸಬಾರದು.