1930ರ ಕಾಗದ ತಗೊಂಬರ್ರಿ

ಅರಣ್ಯ ಹಕ್ಕಿನ ಅರ್ಜಿಗಳು ಮತ್ತೆ ತಿರಸ್ಕಾರವಾದ ಸುದ್ದಿ ನೀವೂ ಓದಿರುತ್ತೀರಿ. ಒಳಪುಟದಲ್ಲಿ, ಮಳೆ ವರದಿಯ ಪಕ್ಕ, ನಾಲ್ಕು ಸಾಲು. ಕಾರಣ ಯಾವಾಗಲೂ ಒಂದೇ, 75 ವರ್ಷದ ದಾಖಲೆ ಇಲ್ಲ. ನಾನೂ ಓದಿದೆ. ಸಂಜೆ ಅದೇ ಹಾಳೆ ಹಾಸಿ ಅದರ ಮೇಲೆ ಗಿರಮಿಟ್ ತಿಂದೆ. ಸುದ್ದಿಗೆ ಎಣ್ಣೆ ಹತ್ತಿತು, ಅಷ್ಟೇ.

ನಾನು ಈ ನಿಯಮದ ದೊಡ್ಡ ಅಭಿಮಾನಿ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ನೀವು ಪರಿಶಿಷ್ಟ ಪಂಗಡದವರಾದರೆ, 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಆ ಜಮೀನಿನಲ್ಲಿ ಇದ್ದರೆ ಸಾಕು. ಆ ಪಂಗಡಗಳ ಪಟ್ಟಿಯಲ್ಲಿ ಇಲ್ಲದ ಕಾಡಿನ ಜನರಾದರೆ ಅದಕ್ಕೂ ಹಿಂದೆ ಮೂರು ತಲೆಮಾರು ಕಾಡಿನಲ್ಲೇ ಬಾಳಿದ್ದೆವು ಅಂತ ತೋರಿಸಬೇಕು. ತಲೆಮಾರಿಗೆ 25 ವರ್ಷ. ಲೆಕ್ಕ ಹಾಕಿದರೆ 1930. ಗಾಂಧೀಜಿ ದಂಡಿಗೆ ನಡೆದು ಉಪ್ಪು ಎತ್ತಿದ ವರ್ಷ. ನಮ್ಮ ಧಾರವಾಡ ಆಗ ಮುಂಬೈ ಪ್ರಾಂತದಲ್ಲಿತ್ತು. ಕಲಘಟಗಿ ಕಾಡಿನಲ್ಲಿ ಎಮ್ಮೆ ಹಿಂದೆ ತಿರುಗುತ್ತಿದ್ದ ಗೌಳಿ ಆ ವರ್ಷ ಯಾವುದೋ ಬಿಳಿ ಸಾಹೇಬನ ಮುಂದೆ ನಿಂತು, "ನಾ ಇಲ್ಲೇ ಇದ್ದೇನಿ, ಬರೆದುಕೊಡ್ರಿ, ಮುಂದ ಬೇಕಾಗ್ತೈತಿ" ಅಂತ ಕೇಳಬೇಕಿತ್ತು. ಕೇಳಲಿಲ್ಲ. ಮುಂದಾಲೋಚನೆ ಇಲ್ಲದ ಜನ ನೋಡಿ.

ಮೊನ್ನೆ ನನ್ನ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅಪ್ಪನ ಹೆಸರು ತಪ್ಪಾಗಿದೆ ಅಂತ ಒಂದು ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಅಂತ ಕೇಳಬೇಡಿ, ನನ್ನ ಕೆಲಸ ಇನ್ನೂ ಆಗಿಲ್ಲ. ನನ್ನ ಮುಂದೆ ಗೌಳಿ ದಡ್ಡಿಯಿಂದ, ಅಂದರೆ ಗೌಳಿಗಳ ಕೇರಿಯಿಂದ, ಬಂದ ಒಬ್ಬ ಅಜ್ಜ ನಿಂತಿದ್ದ. ತಲೆಗೆ ರುಮಾಲು, ಬಗಲಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಇನ್ನೊಂದು ಚೀಲ. ಅದರೊಳಗೆ ರೇಷನ್ ಕಾರ್ಡು ಮತ್ತು ನಾಲ್ಕು ಮಡಿಕೆಯ ಒಂದು ಚೀಟಿ. ಕಾಡಿನಲ್ಲಿ ಎಮ್ಮೆ ಮೇಯಿಸಿದ್ದಕ್ಕೆ ಅವನ ಅಪ್ಪನಿಂದ ದುಡ್ಡು ಕಟ್ಟಿಸಿಕೊಂಡು ಕೊಟ್ಟ ಪಾವತಿ, 1958ರದ್ದು. ಮಡಿಕೆ ಇದ್ದಲ್ಲೆಲ್ಲ ಹರಿದಿತ್ತು. ಹರಿದಲ್ಲೆಲ್ಲ ಟೇಪು. ಆ ಟೇಪೂ ಹಳದಿಯಾಗಿ ಎದ್ದಿತ್ತು. ಬಿಚ್ಚಿದಾಗ ಒಲೆ ಹೊಗೆಯ ವಾಸನೆ ನನ್ನ ತನಕ ಬಂತು.

"ಇದು ಐವತ್ತೆಂಟರದ್ದು ಆತು. 1930ರ ಕಾಗದ ತಗೊಂಬರ್ರಿ ಯಜಮಾನ್ರ."

"ಅವಾಗ ನಾ ಹುಟ್ಟಿದ್ದಿಲ್ರಿ ಸಾಹೇಬ್ರ."

"ನಿಮ್ಮ ಅಪ್ಪ ಇದ್ರಲ್ಲ?"

"ಇದ್ದ್ರಿ. ಎಮ್ಮಿ ಕಾಯ್ತಿದ್ದ."

"ಹಂಗಾರ ನೋಡಿದ ಹಿರ್ಯಾರು ಯಾರರ ಇದ್ರ ಕರ್ಕೊಂಬರ್ರಿ."

1930 ಕಣ್ಣಾರೆ ಕಂಡು, ನೆನಪಿಟ್ಟುಕೊಂಡು, ಬಸ್ಸು ಹತ್ತಿ ಬಂದು ಸಾಕ್ಷಿ ಹೇಳುವವರಿಗೆ ಈಗ ನೂರು ದಾಟಿರಬೇಕು. ಅಜ್ಜ ಸ್ವಲ್ಪ ಹೊತ್ತು ಯೋಚಿಸಿದ.

"ಬಾವಿ ಐತ್ರಿ. ನಮ್ಮ ಮುತ್ಯಾ ಕಟ್ಟಿದ್ದು."

"ಬಾವಿ ಫೈಲಿಗೆ ಹ್ಯಾಂಗ ಹಚ್ಚೂದ್ರಿ?"

ಸರದಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದು ನಿಯಮ ತೆಗೆದು ನೋಡಿದರೆ ಅಜ್ಜ ಹೇಳಿದ್ದೇ ಸರಿ. ಹಳೆಯ ಬಾವಿ, ಸುಡುಗಾಡು, ದೇವರ ಜಾಗ, ಹಿರಿಯರ ಮಾತು, ಎಲ್ಲವೂ ಪುರಾವೆ ಅಂತ ಅಲ್ಲೇ ಬರೆದಿದೆ. ಇಂಥದ್ದೇ ದಾಖಲೆ ಬೇಕು ಅಂತ ಹಟ ಮಾಡಬಾರದು ಅಂತ 2012ರಲ್ಲಿ ತಿದ್ದುಪಡಿಯೂ ಆಗಿದೆ. ಬಾವಿಯನ್ನು ಫೈಲಿಗೆ ಹಚ್ಚಬೇಕಾಗಿಲ್ಲ. ಫೈಲೇ ಎದ್ದು ಬಾವಿ ತನಕ ಹೋಗಬೇಕು. ಆದರೆ ದಡ್ಡಿಗೆ ಹೋಗುವ ರಸ್ತೆ ಎಂಥದ್ದು ಅಂತ ಫೈಲಿಗೂ ಗೊತ್ತು.

ಇದೇ ಅಳತೆಯನ್ನು ಬೇರೆಯವರಿಗೂ ಹಚ್ಚಿ ನೋಡೋಣ ಅನ್ನಿಸಿತು. ಕರ್ನಾಟಕ ಸರ್ಕಾರವೇ ಒಂದು ಅರ್ಜಿ ಹಾಕಿತು ಅನ್ನಿ. ರಾಜ್ಯ ಆಗಿದ್ದು 1956ರ ನವೆಂಬರ್ 1ಕ್ಕೆ. 2005ಕ್ಕೆ ಬರೀ 49 ವರ್ಷ. ಕರ್ನಾಟಕ ಅಂತ ಹೆಸರು ಬಂದಿದ್ದು 1973ರಲ್ಲಿ, ಅಂದರೆ ಹೆಸರು ಹೊಂದಾಣಿಕೆ ಇಲ್ಲ, ಅಫಿಡವಿಟ್ ಬೇಕು. ಹಾವೇರಿ, ಗದಗ ಜಿಲ್ಲೆಗಳು ಹುಟ್ಟಿದ್ದು 1997ರಲ್ಲಿ. ಎಂಟು ವರ್ಷದ ಕೂಸುಗಳು, ಪಾಲಕರನ್ನು ಕರೆದುಕೊಂಡು ಬರಲಿ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ 1962ರದ್ದು. ಅಜ್ಜನ ಚೀಲದಲ್ಲಿದ್ದ ಪಾವತಿಗಿಂತ ನಾಲ್ಕು ವರ್ಷ ಚಿಕ್ಕದು! ಎಲ್ಲರ ಅರ್ಜಿಯೂ ತಿರಸ್ಕಾರ. ಪಾಸಾಗುವುದು ಕಾಡಿನ ಇಲಾಖೆ ಒಂದೇ. ಬ್ರಿಟಿಷರು 1878ರಲ್ಲೇ ಕಾಯ್ದೆ ಮಾಡಿ, 1927ರಲ್ಲಿ ಇನ್ನೊಂದು ಮಾಡಿ ಎಲ್ಲ ಬರೆದಿಟ್ಟಿದ್ದಾರೆ. ಪೆನ್ನು ಇದ್ದಿದ್ದು ಒಬ್ಬರ ಕೈಯಲ್ಲಿ. ಈಗ ಪೆನ್ನಿಲ್ಲದವನಿಗೆ ನಿನ್ನ ಬರಹ ತೋರಿಸು ಅನ್ನುತ್ತಿದ್ದೇವೆ.

ಪಟ್ಟಿಯ ವಿಷಯಕ್ಕೆ ಬಂದರೆ ಇನ್ನೂ ಮಜಾ ಇದೆ. ಹುಬ್ಬಳ್ಳಿಯಿಂದ ಯಲ್ಲಾಪುರ ಬಸ್ಸು ಹತ್ತಿ. ಕಲಘಟಗಿ ದಾಟಿ ಕಿರವತ್ತಿ ಬರುವ ಹೊತ್ತಿಗೆ ಜಿಲ್ಲೆ ಬದಲಾಗಿರುತ್ತದೆ. ಆ ಕಡೆ ಆಫ್ರಿಕಾ ಮೂಲದ ಸಿದ್ದಿಗಳು, ಈ ಕಡೆಯೂ ಸಿದ್ದಿಗಳು. ಅದೇ ಬಳಗ, ಅದೇ ಬೀಗರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡ ಆದರು. ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳು ಆಗಿದ್ದು 2020ರಲ್ಲಿ. ನಡುವಿನ 17 ವರ್ಷ ಅಣ್ಣ ಬುಡಕಟ್ಟು, ತಮ್ಮ ಅಲ್ಲ. ಅಣ್ಣನಿಗೆ 2005 ಸಾಕು, ತಮ್ಮನಿಗೆ 1930 ಬೇಕು. ರಕ್ತ ಬದಲಾಗುವ ಜಾಗದಲ್ಲಿ ಒಂದು ಹಸಿರು ಬೋರ್ಡು ಇದೆ, ಜಿಲ್ಲೆಯ ಗಡಿ ಅಂತ. ಗೌಳಿಗಳಿಗೆ ಆ ಬೋರ್ಡಿನ ತೊಂದರೆಯೂ ಇಲ್ಲ. ಅವರು ಎರಡೂ ಕಡೆ ಪಟ್ಟಿಯ ಹೊರಗೆ. ಎಷ್ಟೋ ವರ್ಷದಿಂದ ಮನವಿ ಕೊಡುತ್ತಿದ್ದಾರೆ. ಮನವಿ ಕೊಟ್ಟ ಫೋಟೊ ಪೇಪರಿನಲ್ಲಿ ಬರುತ್ತದೆ.

ಹಾಗಂತ ಸಂಸ್ಕೃತಿಗೆ ನಾವು ಕಡಿಮೆ ಮಾಡಿಲ್ಲ. ಯಾವುದೇ ಉತ್ಸವದ ಮೆರವಣಿಗೆ ನೋಡಿ, ಮುಂದೆ ಸಿದ್ದಿಗಳ ಡಮಾಮಿ ಕುಣಿತ ಇರಲೇಬೇಕು. ಕುಣಿಯೋಕೆ 1930ರ ಕಾಗದ ಬೇಡ, ಆಧಾರ್ ಮತ್ತು ಪಾಸ್‌ಬುಕ್ ಜೆರಾಕ್ಸ್ ಸಾಕು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದಕ್ಕೆ ಅಂತಲೇ ಒಂದು ವಿಶ್ವವಿದ್ಯಾಲಯ ಇದೆ. ಒಳ್ಳೆಯದೇ, ತಮಾಷೆಗೆ ಹೇಳುತ್ತಿಲ್ಲ. ಅಲ್ಲೇ ಹತ್ತಿರದ ರಾಕ್ ಗಾರ್ಡನ್ನಿನಲ್ಲಿ ಸಿಮೆಂಟಿನ ಹಳ್ಳಿಯ ಜನರೂ ಇದ್ದಾರೆ. ದನ ಕಾಯುತ್ತಾರೆ, ಬೀಸುತ್ತಾರೆ. ಅವರನ್ನು ಯಾರೂ ಎಬ್ಬಿಸುವುದಿಲ್ಲ. ಸಿಮೆಂಟಾದವರಿಗೆ ಜಾಗದ ಚಿಂತೆ ಇಲ್ಲ.

2007ರಲ್ಲಿ ವಿಶ್ವಸಂಸ್ಥೆಯಲ್ಲಿ ಮೂಲನಿವಾಸಿಗಳ ಹಕ್ಕಿನ ಘೋಷಣೆಗೆ ನಮ್ಮ ದೇಶವೂ ಮತ ಹಾಕಿತು. ಆದರೆ ಸ್ವಾತಂತ್ರ್ಯ ಬಂದಾಗ ಇಲ್ಲಿದ್ದವರು, ಅವರ ಮಕ್ಕಳು ಎಲ್ಲರೂ ಮೂಲನಿವಾಸಿಗಳೇ ಅನ್ನುವುದು ನಮ್ಮ ನಿಲುವು. ಅಂದರೆ ವಿದ್ಯಾನಗರದ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಕೂತು ಇದನ್ನು ಬರೆಯುತ್ತಿರುವ ನಾನೂ ಮೂಲನಿವಾಸಿ. ಹೆಂಡತಿಗೆ ಹೇಳಿದೆ. "ಹಂಗಾರ ನೀರು ಬಂದೈತಿ, ತುಂಬ್ರಿ" ಅಂದಳು. ಎಂಟು ದಿನದ ಮೇಲೆ ಬಂದಿತ್ತು, ಎದ್ದು ಹೋದೆ.

ಎಮ್ಮೆ ಸುದ್ದಿ ಮರೆತೆ. ಧಾರವಾಡ ಪೇಡೆಗೆ ಜಿಐ ಟ್ಯಾಗ್ ಸಿಕ್ಕಿ ಎಷ್ಟೋ ವರ್ಷ ಆಯಿತು. 2021ರಲ್ಲಿ ನಮ್ಮ ಧಾರವಾಡಿ ಎಮ್ಮೆಗೂ ರಾಷ್ಟ್ರೀಯ ಮಾನ್ಯತೆ ಬಂತು, ದೇಶದ ಅಧಿಕೃತ ತಳಿ ಅಂತ. ಕೊಂಬು ನೋಡಿದರು, ಬಣ್ಣ ನೋಡಿದರು, ಹಾಲು ಅಳೆದರು. ಎಮ್ಮೆ ಇದ್ದಲ್ಲಿಗೇ ಹೋಗಿ ನೋಡಿದರು, ಅದು ಮುಖ್ಯ. ನಿಮ್ಮ ಅಜ್ಜಿ 1930ರಲ್ಲಿ ಎಲ್ಲಿ ಮೇಯುತ್ತಿದ್ದಳು ಅಂತ ಎಮ್ಮೆಯನ್ನು ಕೇಳಲಿಲ್ಲ. ಆ ತಳಿ ಗೌಳಿಗಳ ಕೊಟ್ಟಿಗೆಯದ್ದೇ ಅಂತ ನಾನು ವಾದ ಮಾಡಲ್ಲ, ಅದು ತಿಳಿದವರ ವಿಷಯ. ಆದರೆ ಪೇಡೆಗೆ ಸರ್ಟಿಫಿಕೇಟ್ ಇದೆ, ಎಮ್ಮೆಗೆ ಇದೆ, ಎಮ್ಮೆ ಕಾಯುವವನಿಗೆ ಮಾತ್ರ ಇಲ್ಲ. ಕಲ್ಲಂಗಡಿ ತಿಂದು ಬೀಜ ಉಗುಳಿದ ಹಾಗೆ.

ಇಷ್ಟು ಹೊತ್ತು ನಗಿಸೋಕೆ ನೋಡಿದೆ. ಈಗ ನನಗೇ ನಗು ಬರುತ್ತಿಲ್ಲ. 2011ರಲ್ಲಿ ಗದಗ ಜಿಲ್ಲೆಯ ಹಳ್ಳಿಗುಡಿ ಸುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಮೂರು ಸಾವಿರಕ್ಕೂ ಜಾಸ್ತಿ ಎಕರೆ ಕೊಡಲು ಹೊರಟಾಗ, ನಿಮ್ಮ ಮುತ್ಯಾ ಇಲ್ಲಿ ಇದ್ದನಾ ಅಂತ ಆ ಕಂಪನಿಯನ್ನು ಯಾರೂ ಕೇಳಲಿಲ್ಲ. ರೈತರು ಬೀದಿಗೆ ಬಂದರು, ತೋಂಟದ ಸ್ವಾಮೀಜಿ ಜೊತೆ ನಿಂತರು, ಅದು ನಿಂತಿತು. ಕಪ್ಪತಗುಡ್ಡವನ್ನು ಅಗೆಯಲು ಬರುವವರಿಗೂ ಮೂರು ತಲೆಮಾರಿನ ಲೆಕ್ಕ ಇಲ್ಲ. ಅವರಿಗೆ ಬೇಕಾಗಿದ್ದು ನಕ್ಷೆ, ಅರ್ಜಿ, ಮತ್ತೆ ಅರ್ಜಿ. ಒಂದೂವರೆ ಎಕರೆಯಲ್ಲಿ ಗೋವಿನಜೋಳ ಹಾಕಿಕೊಂಡ ಮುದುಕನಿಗೆ ಮಾತ್ರ ಇತಿಹಾಸದ ಪರೀಕ್ಷೆ. ಸಾಕಾಗಿ ಹೋಗಿದೆ ಇದು. ಕೊಡಲ್ಲ ಅಂತ ಬಾಯಿಬಿಟ್ಟು ಹೇಳಿದರೆ ಅವನು ಬಸ್ಸಿನ ದುಡ್ಡಾದರೂ ಉಳಿಸಿಕೊಳ್ಳುತ್ತಾನೆ.

ಅವತ್ತು ಸಾಹೇಬರು ಕೊನೆಗೆ ಒಂದು ದಾರಿ ತೋರಿಸಿದರು. "ಇರೂದರ ಜೆರಾಕ್ಸ್ ಕೊಟ್ಟು ಹೋಗ್ರಿ, ನೋಡೋಣಂತ." ಅಜ್ಜ ಹೊರಗೆ ಬಂದ. ನನ್ನ ಸರದಿ ಊಟದ ಹೊತ್ತಿನ ನಂತರ ಅಂದರು, ನಾನೂ ಹೊರಗೆ ಬಂದೆ. ಕಂಪೌಂಡಿನ ಪಕ್ಕದ ಅಂಗಡಿಯಲ್ಲಿ ಹುಡುಗ ಪಾವತಿಯನ್ನು ಗಾಜಿನ ಮೇಲೆ ಹುಷಾರಾಗಿ ಬಿಡಿಸಿಟ್ಟ. ಮೊದಲನೆಯ ಪ್ರತಿ ಬೆಳ್ಳಗೆ ಬಂತು. ಗುಂಡಿ ಒತ್ತಿ ಕಪ್ಪು ಜಾಸ್ತಿ ಮಾಡಿ ಇನ್ನೊಂದು ತೆಗೆದ. ಬೆಳಕಿಗೆ ಹಿಡಿದು ನೋಡಿದ. ಇಲಾಖೆಯ ಮುದ್ರೆ ಅರ್ಧ ಬಂದಿತ್ತು, ಕೆಳಗೆ 'ಎಮ್ಮೆ 14' ಅಂತ ಚೊಕ್ಕ ಕಾಣುತ್ತಿತ್ತು.

"ಅಜ್ಜಾ, ನಿಮ್ಮಪ್ಪನ ಹೆಸರು ಬರವಲ್ದು. ಎಮ್ಮಿ ಅಷ್ಟ ಬರ್ತಾವ. ನಡೀತೈತೇನು?"