ಚೆಂಡಿನ ಮಡಿ-ಮೈಲಿಗೆ

ಅಮೆರಿಕದ ಬೇಸ್‌ಬಾಲಿನಲ್ಲಿ ಹೊಸ ಚೆಂಡೇ ಮೈಲಿಗೆ. ಕೆಸರು ಮೆತ್ತಿದ ಮೇಲಷ್ಟೇ ಅದಕ್ಕೆ ಮಡಿ. ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಚೆಂಡಿನ ಚರ್ಮ ಫಳಫಳ ಹೊಳೆಯುತ್ತದೆ, ಬೆರಳಿಗೆ ಜಾರುತ್ತದೆ. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಕೈಜಾರಿದರೆ ಬ್ಯಾಟರ್‌ನ ತಲೆಗೇ ಗಂಡಾಂತರ. ಅದಕ್ಕೇ ಪಂದ್ಯದ ದಿನ ಒಂದೊಂದು ಚೆಂಡಿಗೂ ಕೆಸರಿನ ಮಾಲೀಸು. 1938ರಲ್ಲಿ ಇದನ್ನು ಹುಡುಕಿಕೊಟ್ಟವನು ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡದ ಕೋಚ್ ಲೀನಾ ಬ್ಲ್ಯಾಕ್‌ಬರ್ನ್ (ಹೆಸರು ಹಾಗಿದ್ದರೂ ಗಂಡಸೇ). ನ್ಯೂಜೆರ್ಸಿ ಕಡೆ ಡೆಲವೇರ್ ನದಿಗೆ ಸೇರುವ ಒಂದು ಹೊಳೆಯ ಕೆಸರದು. ಯಾವ ಜಾಗ ಎಂದು ಕೇಳಿದರೆ ಮಾರುವವರು ಬಾಯಿ ಬಿಡುವುದಿಲ್ಲ.

ಬೆರಳ ತುದಿಗೆ ಹತ್ತುವಷ್ಟು ಕೆಸರು, ಒಂದಿಷ್ಟು ನೀರು, ಅಂಗೈಗಳ ನಡುವೆ ಕನಿಷ್ಠ 30 ಸೆಕೆಂಡು ಉಜ್ಜಬೇಕು. ಹೆಚ್ಚಾದರೆ 108 ಕೆಂಪು ಹೊಲಿಗೆಗಳ ಸಂದಿಯಲ್ಲಿ ಕೂತು ಚೆಂಡು ಮಂಕಾಗುತ್ತದೆ. ಕಣ್ಣಿಗೆ ಸರಿಯಾಗಿ ಬೀಳದ ಮಂಕು ಚೆಂಡು ಎಂಥ ಅಪಾಯ ಎನ್ನುವುದು 1920ರಲ್ಲೇ ಗೊತ್ತಾಗಿತ್ತು. ಆ ಆಗಸ್ಟ್ 16ರಂದು ನ್ಯೂಯಾರ್ಕ್‌ನಲ್ಲಿ ಕಾರ್ಲ್ ಮೇಸ್ ಎಸೆದ ಚೆಂಡು ಕ್ಲೀವ್‌ಲ್ಯಾಂಡಿನ ರೇ ಚಾಪ್‌ಮನ್ ತಲೆಗೆ ಬಡಿಯಿತು. ಮರುದಿನ ಆತ ತೀರಿಕೊಂಡ. ಕೊಳೆಯಾದ ಚೆಂಡನ್ನು ಆಗಾಗ ಬದಲಿಸುವ ಶಿಸ್ತು ಬಿಗಿಯಾದದ್ದು ಆಮೇಲೆ.

ಕೆಸರೇನೋ ಸರಿ, ಎಂಜಲು ಮಾತ್ರ ಕೂಡದು. ಅದಕ್ಕೂ 1920ರಲ್ಲೇ ನಿಷೇಧ. ಅದನ್ನೇ ನಂಬಿ ಬದುಕಿದ್ದ 17 ಪಿಚರ್‌ಗಳಿಗಷ್ಟೇ (ಚೆಂಡೆಸೆಯುವವರು) ನಿವೃತ್ತಿಯವರೆಗೆ ಮಾಫಿ. ಕ್ರಿಕೆಟ್ ಬೌಲರ್‌ಗಳು 2020ರವರೆಗೂ ರಾಜಾರೋಷವಾಗಿ ಉಗುಳು ಹಚ್ಚುತ್ತಿದ್ದದ್ದು ಹೊಳಪಿಗೆ. ಬೇಸ್‌ಬಾಲಿನಲ್ಲಿ ಅದರ ಕರಾಮತ್ತೇ ಬೇರೆ. ವೇಗದ ಎಸೆತದಲ್ಲಿ ಬೆರಳು ಚೆಂಡನ್ನು ಹಿಮ್ಮುಖವಾಗಿ ತಿರುಗಿಸಿ ಬಿಡುತ್ತದೆ, ಆ ತಿರುಗಾಟವೇ ಅದನ್ನು ಬೇಗ ಇಳಿಯಗೊಡುವುದಿಲ್ಲ. ಬೆರಳಡಿ ಎಂಜಲೋ ಜಿಡ್ಡೋ ಇದ್ದರೆ ಚೆಂಡು ಪಿಚಕ್ಕನೆ ನುಣುಚಿಕೊಂಡು, ಅಷ್ಟಾಗಿ ತಿರುಗದೆ, ಬ್ಯಾಟಿನ ಹತ್ತಿರ ಬಂದಾಗ ದಿಢೀರನೆ ಕೆಳಗಿಳಿಯುತ್ತದೆ.

ಈ ವಿದ್ಯೆಯ ಘನಪಂಡಿತ ಗೇಲಾರ್ಡ್ ಪೆರಿ. ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು 1972ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿದ್ದಾಗ, 1978ರಲ್ಲಿ ಸ್ಯಾನ್ ಡಿಯಾಗೋದಲ್ಲಿದ್ದಾಗ ಗೆದ್ದ. ಬೇಸ್‌ಬಾಲಿನ ಎರಡೂ ಲೀಗುಗಳಲ್ಲಿ (ಅಮೆರಿಕನ್, ನ್ಯಾಷನಲ್) ಅದನ್ನು ಪಡೆದವರಲ್ಲಿ ಮೊದಲಿಗ. ಎಸೆಯುವ ಮುಂಚೆ ಟೋಪಿಯಂಚು, ಕಿವಿ, ಕತ್ತು ಎಲ್ಲವನ್ನೂ ಮುಟ್ಟಿಕೊಳ್ಳುತ್ತಿದ್ದ, ನೋಡಿದವರಿಗೆ ಸಂಧ್ಯಾವಂದನೆ ನಡೆಯುತ್ತಿದೆ ಅನ್ನಿಸಬೇಕು. ಅಲ್ಲಿ ಜಿಡ್ಡು ಇರಲಿ ಬಿಡಲಿ, ಬ್ಯಾಟರ್ ತಲೆ ಕೆಡಿಸಿಕೊಂಡರೆ ಅರ್ಧ ಕೆಲಸ ಆದಂತೆಯೇ. ಅಂಪೈರ್‌ಗಳು ತಡಕಾಡಿದ್ದೇ ಬಂತು. 1982ರ ಮೇನಲ್ಲಿ ಪಿಚರ್ ಆಗಿ ತನ್ನ ಲೆಕ್ಕಕ್ಕೆ ಸೇರಿದ 300ನೇ ಗೆಲುವನ್ನೂ ಕಂಡ. ಚೆಂಡಿಗೆ ಏನೋ ಹಚ್ಚಿದ ಎಂದು ಅವನನ್ನು ಮೊಟ್ಟಮೊದಲ ಬಾರಿಗೆ ಮೈದಾನದಿಂದ ಆಚೆ ಕಳಿಸಿದ್ದು ಅದೇ ವರ್ಷದ ಆಗಸ್ಟಿನಲ್ಲಿ, ಅವನ 43ನೇ ವಯಸ್ಸಿನಲ್ಲಿ.